ಬಸುರಿಯ ಎದೆಯ ಚರ್ಮ: ಏನು ನೋಡಬೇಕು, ಏನು ಹಚ್ಚಬಾರದು

ಬಸುರಿಯಲ್ಲಿ ಕಾಲು ಊದಿದರೆ ಡಾಕ್ಟರಿಗೆ ತಕ್ಷಣ ಹೇಳುತ್ತೇವೆ. ಎದೆಯ ಕೆಳಗೆ ತುರಿಕೆ ಬಂದರೆ ಹೇಳುವುದಿಲ್ಲ. ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತರಿಸಿ, ಹಚ್ಚಿಕೊಂಡು ಸುಮ್ನಾಗುತ್ತೇವೆ. ಈ ಸಂಕೋಚದಿಂದಲೇ ಸಣ್ಣ ಸೋಂಕು ದೊಡ್ಡದಾಗುತ್ತದೆ.

ಮೊದಲು ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ತೊಟ್ಟು ಮತ್ತು ಅದರ ಸುತ್ತಲಿನ ಜಾಗ ಕಪ್ಪಾಗುವುದು, ನೀಲಿ ನರ ಕಾಣುವುದು, ಚರ್ಮ ಬಿರಿದು ಗೆರೆ ಮೂಡುವುದು ಎಲ್ಲ ಸಹಜ. ತೊಟ್ಟಿನ ಸುತ್ತ ಏಳುವ ಸಣ್ಣ ಗುಳ್ಳೆಗಳು ಎಣ್ಣೆ ಗ್ರಂಥಿಗಳು. ಮೊಡವೆ ಅಂದುಕೊಂಡು ಹಿಸುಕಬೇಡಿ. ನಾಲ್ಕೈದು ತಿಂಗಳ ನಂತರ ಹಳದಿ ಗಿಣ್ಣುಹಾಲು ಒಸರಿದರೂ ಭಯ ಬೇಡ.

ಆಮೇಲೆ ಸ್ನಾನ. ತೊಟ್ಟಿಗೆ ಸೋಪು ಬೇಡ, ಬರೀ ನೀರು ಸಾಕು. ಹಾಲೂಡಿಸಲು ಗಟ್ಟಿಯಾಗಲಿ ಎಂದು ಟವೆಲಿನಿಂದ ಉಜ್ಜುವ ಹಳೆಯ ಪದ್ಧತಿ ಬಿಟ್ಟುಬಿಡಿ, ಚರ್ಮ ಸೀಳುತ್ತದೆ. ಬ್ರಾ ಹತ್ತಿಯದಿರಲಿ. ಬಿಗಿಯಾಗುತ್ತಲೇ ದೊಡ್ಡ ಅಳತೆಯದು ಕೊಳ್ಳಿ.

ಜಾಸ್ತಿ ಕಾಡುವುದು ಎದೆಯ ಕೆಳಗಿನ ಮಡಿಕೆ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಂತೂ ಅಲ್ಲಿ ಬೆವರು ಆರುವುದೇ ಇಲ್ಲ. ಆ ತೇವದಲ್ಲಿ ಫಂಗಸ್ ಬೆಳೆಯುತ್ತದೆ: ಕೆಂಪು ಹಸಿ ಚರ್ಮ, ಉರಿ, ಅಂಚಿನಾಚೆ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು. ದಿನಕ್ಕೆರಡು ಸಲ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ. ಕ್ಲೋಟ್ರಿಮಜೋಲ್ ಮಾತ್ರ ಇರುವ ಕ್ರೀಮನ್ನು ಗರ್ಭಿಣಿಯರಿಗೂ ಡಾಕ್ಟರು ಬರೆದುಕೊಡುತ್ತಾರೆ. ತುರಿಕೆ ನಿಂತ ಕೂಡಲೇ ಬಿಡಬೇಡಿ, ಅವರು ಹೇಳಿದಷ್ಟು ದಿನ ಹಚ್ಚಿ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಕ್ಲೊಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಎರಡೇ ದಿನದಲ್ಲಿ ತುರಿಕೆ ಅಡಗಿಸಿ, ಒಳಗೇ ಫಂಗಸ್ ಹಬ್ಬಿಸಿ, ಚರ್ಮವನ್ನೂ ತೆಳ್ಳಗೆ ಮಾಡುತ್ತದೆ. ದಯವಿಟ್ಟು ಇದನ್ನು ನೀವಾಗಿಯೇ ಹಚ್ಚಬೇಡಿ. ಫಂಗಸ್‌ಗೆ ನುಂಗುವ ಫ್ಲೂಕೊನಜೋಲ್ ಮಾತ್ರೆಯೂ ಡಾಕ್ಟರನ್ನು ಕೇಳದೆ ಬೇಡ. ಬಿರಿದ ಚರ್ಮಕ್ಕೆ ಅರಿಶಿನ, ಬೇವು ಅರೆದು ಹಚ್ಚಿದರೆ ಉರಿ ಹೆಚ್ಚೀತು.

ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ನೋವು, ಚಳಿಜ್ವರ ಬಂತೇ? ಅದೇ ದಿನ ಆಸ್ಪತ್ರೆಗೆ ಹೋಗಿ. ಬಸುರಿಯಲ್ಲಿ ಕೊಡಬಹುದಾದ ಆಂಟಿಬಯೋಟಿಕ್‌ಗಳಿವೆ. ಮನೆಯಲ್ಲಿ ಉಳಿದ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್, ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗಬೇಡಿ. ಕೀವು ಕಟ್ಟಿದೆಯೇ ಎಂದು ನೋಡಲು ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನಿಂದ ಮಗುವಿಗೆ ತೊಂದರೆಯಿಲ್ಲ.

ಔಷಧಿ ಮುಗಿದರೂ ಕೆಂಪು ಇಳಿಯದಿದ್ದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ, ಒಂದೇ ತೊಟ್ಟಿನಲ್ಲಿ ಹುಣ್ಣು ಮಾಯದಿದ್ದರೆ, ಗಂಟು ಸಿಕ್ಕಿದರೆ, ತೊಟ್ಟು ಒಳಸೇರಿದರೆ, ರಕ್ತ ಬಂದರೆ ತಡಮಾಡಬೇಡಿ. ಅಪರೂಪಕ್ಕೆ ಇದು ಕ್ಯಾನ್ಸರ್ ಇರಬಹುದು. ‘ಬಸುರಿಗೆ ಇವೆಲ್ಲ ಇದ್ದದ್ದೇ’ ಎಂದು ಯಾರಾದರೂ ಹೇಳಿದರೂ ಸ್ಕ್ಯಾನ್ ಮಾಡಿಸಿ ಎಂದು ಕೇಳಿ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ಈಗಾಗಲೇ ಹಚ್ಚಿದ ಟ್ಯೂಬನ್ನೂ ಒಯ್ಯಿರಿ.