ಬೂಷ್ಟು ಹಿಡಿದ ಈಗಲ್ಸ್ ಕ್ಯಾಸೆಟ್

ಕೊಡಗಿನ ಸೋಮವಾರಪೇಟೆ ಹತ್ತಿರ ನಮ್ಮ ಮನೆ. ಕಕ್ಕಡ ತಿಂಗಳ ಜೋರು ಮಳೆಗೆ ಇಲ್ಲಿ ಚಪ್ಪಲಿ, ಬೆಲ್ಟು, ಮದುವೆ ಫೋಟೋ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಅಟ್ಟದಿಂದ ಚಿಕ್ಕಪ್ಪನ ಕ್ಯಾಸೆಟ್ ಪೆಟ್ಟಿಗೆ ಇಳಿಸಿದಾಗ ಅದರ ಗತಿಯೂ ಅಷ್ಟೇ. ರೀಲಿನ ಅಂಚಿಗೆಲ್ಲ ಬಿಳಿ ಪುಡಿ.

ಅವರಿಗೆ ಬೇಕಿದ್ದದ್ದು ಒಂದೇ ಕ್ಯಾಸೆಟ್. ಬೆಂಗಳೂರಿನಲ್ಲಿ ಓದುವಾಗ ಕೊಂಡಿದ್ದ, ಅಮೆರಿಕದ ಈಗಲ್ಸ್ ಬ್ಯಾಂಡಿನ ‘ದೇರ್ ಗ್ರೇಟೆಸ್ಟ್ ಹಿಟ್ಸ್ 1971–1975’. ಹತ್ತು ಹಾಡು, ಸುಮಾರು 43 ನಿಮಿಷ. ‘ಫೋನಲ್ಲೇ ಸಿಗುತ್ತಲ್ಲ ಚಿಕ್ಕಪ್ಪ’ ಅಂದೆ. ‘ಅದರಲ್ಲಿ ಒಂದು ಹಾಡು ಮುಗಿದ್ರೆ ಇನ್ಯಾವುದೋ ಬರುತ್ತೆ ಕಣೋ’ ಅಂದರು. ಅವರಿಗೆ ‘ಟೇಕ್ ಇಟ್ ಈಸಿ’ಯಿಂದ ಶುರುವಾಗಿ ‘ಡೆಸ್ಪರಾಡೊ’ಗೆ ಒಂದು ಬದಿ ಮುಗಿಯಬೇಕು. ತಮಾಷೆ ಅಂದರೆ, ‘ಡೆಸ್ಪರಾಡೊ’ ಬಿಡಿ ಹಾಡಾಗಿ ಬಿಡುಗಡೆಯೇ ಆಗಿರಲಿಲ್ಲ. ಆದರೂ ಹಿಟ್‌ಗಳ ಸಾಲಿನಲ್ಲಿ ಕೂತಿದೆ.

ಆತುರ ಬಿದ್ದು ಒಂದು ಕ್ಯಾಸೆಟ್ ಹಾಳು ಮಾಡಿದೆ. ಪುಣ್ಯಕ್ಕೆ ಅದು ಈಗಲ್ಸ್ ಅಲ್ಲ. ಜುಲೈನಲ್ಲಿ, ಮಳೆ ಸುರಿಯುತ್ತಿರುವಾಗಲೇ, ಸುಮ್ನೆ ಟೇಪ್ ರೆಕಾರ್ಡರ್‌ಗೆ ಹಾಕಿ ಒತ್ತಿದೆ. ಅಂಟಿಕೊಂಡಿದ್ದ ರೀಲು ಕಿತ್ತು ರಬ್ಬರ್ ಗಾಲಿಗೆ ಸುತ್ತಿಕೊಂಡಿತು. ಬೂಷ್ಟಿನ ಪುಡಿ ಹೆಡ್ಡಿಗೂ, ಅಂದರೆ ರೀಲಿನಿಂದ ಸ್ವರ ಓದುವ ಭಾಗಕ್ಕೂ, ಮೆತ್ತಿತು.

ಆಮೇಲೆ ಜನವರಿವರೆಗೆ ಕಾದೆ. ಕಣದಲ್ಲಿ ಕಾಫಿ ಒಣಗುವ ಕಾಲಕ್ಕೆ ಕ್ಯಾಸೆಟ್ಟೂ ಒಣಗಲಿ ಅಂತ. ಬಿಸಿಲಿಗೆ ಮಾತ್ರ ಇಡಬಾರದು, ಅಗ್ಗಿಷ್ಟಿಕೆ ಹತ್ತಿರವೂ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ನೀಲಿ ಸಿಲಿಕಾ ಹರಳಿನ ಜೊತೆ ಎರಡು ವಾರ ಇಟ್ಟೆ. ತೇವ ಕುಡಿದ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗೆಲ್ಲ ಬದಲಾಯಿಸಿದೆ.

ಒಣಗಿದ ಬೂಷ್ಟು ಸುಲಭವಾಗಿ ಉದುರುತ್ತದೆ. ಅದನ್ನು ಮೂಗಿಗೆ ಎಳೆದುಕೊಳ್ಳಬಾರದು. ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಕೂತೆ. ಐದು ಸ್ಕ್ರೂ ಬಿಚ್ಚಿ, ಮೆತ್ತನೆ ಬ್ರಷ್‌ನಿಂದ ಅಂಚು ಉಜ್ಜಿದೆ. ಮತ್ತೆ ಜೋಡಿಸಿ, ಪೆನ್ಸಿಲ್ ತೂರಿಸಿ ಕೈಯಲ್ಲೇ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ಸುತ್ತಿದೆ. ಒಂದು ಮಧ್ಯಾಹ್ನವೇ ಹೋಯಿತು. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿ.

ಹಾಡು ಬಂತು, ಆದರೆ ಕಂಬಳಿ ಹೊದ್ದು ಹಾಡಿದ ಹಾಗೆ. ಹೆಡ್ಡಿನ ಓರೆ ಸರಿಮಾಡುವ, ಅದರ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದೆ. ಗಿಟಾರಿನ ತಂತಿ ಒಂದೇ ಸಲ ಕಣ್ಣ ಮುಂದೆ ಬಂದ ಹಾಗಾಯಿತು. ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಟ್ಟದ್ದು ಇದೇ.

ಇನ್ನೊಂದು ತಪ್ಪು ಆಯಿತು. ಹಾಡನ್ನು ಫೈಲಾಗಿ ಇಳಿಸಿಕೊಳ್ಳಲು ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರ್ ಚುಚ್ಚಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಮೋನೋ, ಒಂದೇ ಚಾನೆಲ್ಲಿನದು ಅಂತ ರೆಕಾರ್ಡ್ ಮುಗಿದ ಮೇಲೆ ಗೊತ್ತಾಯಿತು. ಎರಡು ಚಾನೆಲ್ ತೆಗೆದುಕೊಳ್ಳುವ ಯುಎಸ್‌ಬಿ ಸೌಂಡ್ ಕಾರ್ಡ್ ತಂದು, ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮತ್ತೆ ಮಾಡಿದೆ. ಹಾಡುಗಳನ್ನು ಬಿಡಿಸಲಿಲ್ಲ. ಒಂದು ಬದಿಗೆ ಒಂದು ಫೈಲು.

ಕೇಳಲು ಬಂದ ತಮ್ಮ, ‘ಹೋಟೆಲ್ ಕ್ಯಾಲಿಫೋರ್ನಿಯಾ ಎಲ್ಲಿ?’ ಅಂದ. ಈಗಲ್ಸ್ ಅಂದರೆ ಎಲ್ಲರೂ ಕೇಳುವುದು ಆ ಹಾಡನ್ನೇ. ಈ ಆಲ್ಬಮ್ ಬಂದದ್ದು 1976ರ ಫೆಬ್ರವರಿಯಲ್ಲಿ, ಆ ಹಾಡಿನ ಆಲ್ಬಮ್ ಅದೇ ವರ್ಷ ಡಿಸೆಂಬರಿನಲ್ಲಿ. ಅದಿಲ್ಲದೆಯೂ, ಅಮೆರಿಕದಲ್ಲಿ ಭಾರಿ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮನ್ನಣೆ ಶುರುವಾದಾಗ ಅದನ್ನು ಪಡೆದ ಮೊದಲ ಆಲ್ಬಮ್ ಇದೇ.

‘ಲೈಯಿಂಗ್ ಐಸ್’ ನಡುವೆ ರೀಲು ಸುಕ್ಕಾದ ಕಡೆ ಸ್ವರ ಮುಳುಗಿ ಏಳುತ್ತದೆ. ಸರಿ ಮಾಡಲೇ ಅಂತ ಕೇಳಿದೆ. ‘ಅದು ನಮ್ಮ ಹಾಸ್ಟೆಲ್ ಟೇಪ್ ರೆಕಾರ್ಡರ್ ಕಚ್ಚಿದ್ದು, ಇರಲಿ ಬಿಡು’ ಅಂದರು ಚಿಕ್ಕಪ್ಪ.