ಕಾಲೇಜಿನ ಸಂಗೀತ ಪತ್ರಿಕೆ: ಮುಖಪುಟದಿಂದ ಪಿನ್ನಿನವರೆಗೆ

ಶಿರಸಿಯ ಯಾವುದಾದರೂ ಪೇಪರ್ ಅಂಗಡಿಯೆದುರು ಹತ್ತು ಅಡಿ ದೂರ ನಿಂತು ನೋಡಿ. ಅಕ್ಷರ ಕಾಣುವ ಮೊದಲೇ ಇದು ಸಿನಿಮಾದ್ದು, ಅದು ಕೃಷಿಯದ್ದು, ಪಕ್ಕದ್ದು ಪಂಚಾಂಗ ಎಂದು ಗೊತ್ತಾಗಿಬಿಡುತ್ತದೆ. ಬಣ್ಣ, ಅಕ್ಷರದ ದಪ್ಪ, ಫೋಟೊದಲ್ಲಿರುವವರ ನೋಟ ಎಲ್ಲವನ್ನೂ ಹೇಳಿರುತ್ತವೆ. ಸಂಗೀತ ಪತ್ರಿಕೆ ತರಲು ಹೊರಟ ವಿದ್ಯಾರ್ಥಿಗಳು ಇದನ್ನು ಬಿಟ್ಟು ಮೊದಲು ಫಾಂಟ್ ಹುಡುಕುತ್ತಾ ಕೂರುತ್ತಾರೆ.

ಮೊದಲು ಯಾವ ಸಂಗೀತ ಎಂದು ನಿಶ್ಚಯಿಸಿ. ‘ಎಲ್ಲವೂ ಇರಲಿ’ ಎಂದರೆ ಮುಖಪುಟಕ್ಕೆ ಮುಖವೇ ಇರುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಯ್ಕೆಗೇನೂ ಬರವಿಲ್ಲ. ಘಟ್ಟದ ಮೇಲೆ ಹಿಂದೂಸ್ತಾನಿ, ಹೊನ್ನಾವರ ಕಡೆ ಬಡಗುತಿಟ್ಟು ಯಕ್ಷಗಾನ, ಅಂಕೋಲೆಯಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಯಲ್ಲಾಪುರದಲ್ಲಿ ಸಿದ್ದಿಗಳ ಡಮಾಮಿ ಕುಣಿತ, ಕಾರವಾರದ ಹುಡುಗರ ಕೈಯಲ್ಲಿ ಗಿಟಾರ್.

ಆಮೇಲೆ ಆ ಪ್ರಕಾರದ ರೂಢಿ ಏನೆಂದು ನೋಡಿ. ಪಾಪ್ ಪತ್ರಿಕೆಯ ಗಾಯಕಿ ಓದುಗರ ಕಣ್ಣಿಗೇ ಕಣ್ಣಿಟ್ಟಿರುತ್ತಾಳೆ. ಸುತ್ತ ಗಾಢ ಬಣ್ಣ, ಜಾತ್ರೆಯಂತೆ ಶೀರ್ಷಿಕೆಗಳು. ರಾಕ್ ಪತ್ರಿಕೆಯದು ಕಪ್ಪು ಹಿನ್ನೆಲೆ, ಒರಟು ಅಕ್ಷರ. 1981ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಕೆರಾಂಗ್’ ಹೆಸರೇ ಗಿಟಾರ್ ತಂತಿ ಜೋರಾಗಿ ಮೀಟಿದ ಸದ್ದು. ಹಿಂದೂಸ್ತಾನಿಯ ಖಯಾಲ್ ಹಾಡುವವರಿಗೆ ‘ಇತ್ತ ನೋಡಿ’ ಎಂದಿರೋ, ಫೋಟೊದಲ್ಲಿ ಹಾಡು ನಿಂತೇಹೋಗುತ್ತದೆ. ಮುಚ್ಚಿದ ಕಣ್ಣು, ಗಾಳಿಯಲ್ಲಿ ತೇಲಿದ ಕೈ, ಸುತ್ತ ಬೇಕಾದಷ್ಟು ಖಾಲಿ ಜಾಗ ಇರಲಿ. ಯಕ್ಷಗಾನವೆಂದರೆ ಎಲ್ಲರೂ ಕಿರೀಟದ ವೇಷ ಹಾಕುತ್ತಾರೆ. ವೇಷ ಹಾಕಿದರೆ ಅದು ರಂಗಭೂಮಿಯ ಪತ್ರಿಕೆ. ಹಾಡಿನ ಪತ್ರಿಕೆಗೆ ಪದ ಹಾಡುವ ಭಾಗವತರು, ಮದ್ದಳೆ, ಚಂಡೆಯೇ ಬೇಕು.

ಪತ್ರಿಕೆಯ ಹೆಸರು ಬರೆಯುವಾಗ ಸ್ವಲ್ಪ ನಿಧಾನಿಸಿ. ಪ್ರಸಿದ್ಧ ಪತ್ರಿಕೆಗಳಲ್ಲಿ ಕಲಾವಿದರ ತಲೆ ಹೆಸರಿನ ಮೇಲೆ ಚೂರು ಹತ್ತಿಕೊಂಡಿರುತ್ತದೆ. ಚೆಂದ ಕಾಣುತ್ತದೆಂದು ನಾವೂ ಒಮ್ಮೆ ಹಾಗೇ ಮಾಡಿದೆವು. ಹೆಸರು ‘ಮದ್ದಳೆ’, ಕೆಳಗೆ ಕೆಂಪು ಮುಂಡಾಸಿನ ಭಾಗವತರು. ಮುಂಡಾಸು ‘ದ್ದ’ದ ಒತ್ತನ್ನು ನುಂಗಿ, ಅಚ್ಚಾಗಿ ಬಂದದ್ದು ‘ಮದಳೆ’. ಪ್ರತಿಗಳೆಲ್ಲ ಹಂಚಿದ ಮೇಲೆ ಮೇಷ್ಟ್ರೊಬ್ಬರು ತೋರಿಸಿದರು. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಿಗೆ ಸಾಮಾನ್ಯವಾಗಿ ಕೆಳಗೆ ಬಾಲವಿಲ್ಲ. ನಮ್ಮ ಒತ್ತುಗಳು ಇರುವುದೇ ಕೆಳಗೆ. ತಲೆ ಹತ್ತಿಸಲೇಬೇಕೆಂದರೆ ಒತ್ತಿಲ್ಲದ ಅಕ್ಷರದ ಕೆಳಗೆ ಹತ್ತಿಸಿ.

ಒಳಪುಟದಲ್ಲೂ ಇದೇ ಗೋಳು. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ನಾನು 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲಂತರ ಇಡುತ್ತೇನೆ. ಲೇಖನದ ಮೊದಲಕ್ಷರ ದೊಡ್ಡದು ಮಾಡುವ ಆಸೆಯಿದ್ದರೆ, ‘ಸ್ವರ’ದಲ್ಲಿ ‘ಸ’ ಒಂದೇ ಅಲ್ಲ, ‘ಸ್ವ’ ಇಡಿಯಾಗಿ ದೊಡ್ಡದಾಗಬೇಕು. ನಾನಂತೂ ಆ ಅಲಂಕಾರ ಬಿಟ್ಟೇಬಿಟ್ಟಿದ್ದೇನೆ. ಎರಡೇ ಫಾಂಟ್ ಸಾಕು. ಶಾಸ್ತ್ರೀಯಕ್ಕೆ ತಿರೋ ಕನ್ನಡ, ಪಾಪ್‌ಗೆ ಗುಂಡಗಿನ ಬಲೂ ತಮ್ಮ ಒಪ್ಪುತ್ತವೆ, ಎರಡೂ ಪುಕ್ಕಟೆ. ಮಾತುಗಳನ್ನು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡಿಗೆ ತಿರುಗಿಸಿಕೊಳ್ಳಿ.

ಸಂದರ್ಶನಕ್ಕೆ ಎದುರುಬದುರು ಎರಡು ಪುಟ ಕೊಡಿ. ಎಡಕ್ಕೆ ಪುಟ ತುಂಬ ಫೋಟೊ, ಬಲಕ್ಕೆ ಮಾತು, ನಡುವೆ ಕಲಾವಿದರ ಒಂದು ವಾಕ್ಯ ದಪ್ಪಕ್ಷರದಲ್ಲಿ. ಗುಮಟೆಯ ಬಗ್ಗೆ ಬರೆದರೆ ಬಾರಿಸುವ ಬೆರಳು, ಮಣ್ಣಿನ ಗಡಿಗೆಯ ಬಾಯಿಗೆ ಬಿಗಿದ ಚರ್ಮ ಹತ್ತಿರದಿಂದ ಕಾಣಲಿ.

ಇನ್ನು ಪ್ರೆಸ್ಸು. ಮಡಚಿ ನಡುವೆ ಪಿನ್ ಹೊಡೆಯುವುದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು: 12, 16, 20. ಅಂಚಿನವರೆಗೆ ಬಣ್ಣವಿದ್ದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಬಿಡಿ, ಕಟಿಂಗಿನಲ್ಲಿ ಬಿಳಿ ಗೆರೆ ಇಣುಕುವುದಿಲ್ಲ. ಫೋಟೊ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇರಲಿ. ವಾಟ್ಸ್ಯಾಪಿನಲ್ಲಿ ತರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಫೈಲ್ ಕೊಡುವ ಮುನ್ನ ಮುಖಪುಟದ ಒಂದು ಪ್ರಿಂಟ್ ತೆಗೆದು ಕಾಲೇಜಿನ ನೋಟಿಸ್ ಬೋರ್ಡಿಗೆ ಚುಚ್ಚಿ. ಮತ್ತೆ ಹತ್ತು ಅಡಿ ಹಿಂದೆ ಸರಿದು, ಸಂಗೀತದ ಗಂಧಗಾಳಿ ಇಲ್ಲದ ಗೆಳೆಯನೊಬ್ಬನನ್ನು ಇದು ಯಾವುದರ ಪತ್ರಿಕೆಯೋ ಎಂದು ಕೇಳಿ. ಆಮೇಲೆ ಹತ್ತಿರ ಹೋಗಿ ಒತ್ತುಗಳನ್ನು ಎಣಿಸಿ.