ಬ್ರಿಂಕ್‌ಮನ್: ಹೆಸರು ಹೊಲದ್ದು, ರಕ್ತ ಬೇರೆಯವರದ್ದು

ನನ್ನ ಗಂಡನ ಸರ್‌ನೇಮ್ ಬ್ರಿಂಕ್‌ಮನ್. ಜರ್ಮನಿಯ ವೆಸ್ಟ್‌ಫಾಲಿಯಾ ಕಡೆಯವರು. ಮ್ಯೂನ್‌ಸ್ಟರ್ ನಗರದ ಸುತ್ತಲಿನ ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡಿದ್ದ ಕ್ಯಾಥೊಲಿಕ್ ಕುಟುಂಬ. ನಾನು ಹಾಸನದವಳು. ನಮ್ಮಲ್ಲಿ ಊರಿನದ್ದೊಂದು, ಅಪ್ಪನದ್ದೊಂದು ಇನಿಶಿಯಲ್ ಬಿಟ್ಟರೆ ಸರ್‌ನೇಮ್ ಅನ್ನುವುದೇ ಇರಲಿಲ್ಲ. ಮಗನಿಗೆ ಈ ಹೆಸರು ಬಂದ ಮೇಲೆ, ಇದು ಎಲ್ಲಿಂದ ಬಂತು ಅಂತ ತಿಳಿಯುವ ಹುಚ್ಚು ಆ ಮನೆಯವರಿಗಿಂತ ನನಗೇ ಜಾಸ್ತಿ ಹಿಡಿಯಿತು. ಇಲ್ಲಿ ಜರ್ಮನಿಯಲ್ಲಿ ಮದುವೆಯಾಗಿ ನೆಲೆಸಿರುವ ನಮ್ಮವರು ಈಗ ಸಾಕಷ್ಟು ಜನ ಇದ್ದಾರೆ, ಅವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಅರ್ಥ. ಉತ್ತರ ಜರ್ಮನಿಯ ಹಳ್ಳಿಯ ಭಾಷೆಯಲ್ಲಿ 'ಬ್ರಿಂಕ್' ಅಂದರೆ ಊರಂಚಿನ ಹುಲ್ಲುಗಾವಲಿನ ದಿಬ್ಬ. ಅಲ್ಲಿ ಮನೆ ಮಾಡಿಕೊಂಡವನು ಬ್ರಿಂಕ್‌ಮನ್. ಇಷ್ಟೇ ವಿಷಯ. ಆದರೆ ಊರೂರಿಗೂ ಒಂದು ದಿಬ್ಬ ಇದ್ದೇ ಇರುತ್ತದೆ ಅಲ್ವಾ? ಹಾಗಾಗಿ ಬ್ರಿಂಕ್‌ಮನ್‌ಗಳಿಗೆಲ್ಲ ಒಬ್ಬ ಮೂಲಪುರುಷ ಇರಲು ಸಾಧ್ಯವೇ ಇಲ್ಲ. 'ನಿಮ್ಮ ವಂಶದ ಲಾಂಛನ' ಅಂತ ಫ್ರೇಮ್ ಹಾಕಿಸಿ ಮಾರುವವರಿದ್ದಾರೆ. ದುಡ್ಡು ದಂಡ, ತಗೋಬೇಡಿ.

ಕಾಗದದ ಕೆಲಸ ಶುರುವಾಗುವುದು ನೋಂದಣಿ ಕಚೇರಿಯಿಂದ. ವೆಸ್ಟ್‌ಫಾಲಿಯಾ ಆಗ ಸೇರಿದ್ದ ಪ್ರಷ್ಯಾ ರಾಜ್ಯದಲ್ಲಿ ಸರ್ಕಾರವೇ ಜನನ ಮರಣ ಬರೆಯಲು ಶುರು ಮಾಡಿದ್ದು 1874ರ ಅಕ್ಟೋಬರ್‌ನಲ್ಲಿ, ಉಳಿದ ಜರ್ಮನಿಯಲ್ಲೆಲ್ಲ 1876ರ ಹೊತ್ತಿಗೆ. ಈ ದಾಖಲೆಗಳು ಎಲ್ಲರಿಗೂ ತೆರೆದುಕೊಳ್ಳಲು ಕಾಯಬೇಕು: ಜನನಕ್ಕೆ 110 ವರ್ಷ, ಮದುವೆಗೆ 80, ಮರಣಕ್ಕೆ 30. ನೇರ ವಂಶದವರಾದರೆ ಕಾಯದೆ ಕೇಳಬಹುದು, ಅದಕ್ಕೆ ಅರ್ಜಿಗಳನ್ನೆಲ್ಲ ಗಂಡನ ಹೆಸರಿನಲ್ಲೇ ಹಾಕಿಸಿದೆ.

ಅಷ್ಟರಲ್ಲಿ ಅತ್ತೆ ಬೀರುವಿನಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದು ಕೊಟ್ಟರು. 'ಆನನ್‌ಪಾಸ್', ನಾಜಿ ಕಾಲದ ವಂಶಾವಳಿ ಪುಸ್ತಕ. 1933ರಿಂದ ಸರ್ಕಾರಿ ನೌಕರರು ಯಹೂದಿ ಮೂಲದವರಲ್ಲ ಅಂತ ಅಜ್ಜ ಅಜ್ಜಿಯರವರೆಗೆ ಸಾಬೀತು ಮಾಡಬೇಕಿತ್ತು. ರೈತರಿಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಜಮೀನು ಕಾನೂನು ಇನ್ನೂ ಬಿಗಿ, 1800ರ ಜನವರಿ 1ರವರೆಗೆ ಹಿಂದೆ ಹೋಗಬೇಕು. ನನ್ನ ಗಂಡನ ಮುತ್ತಜ್ಜ ಚರ್ಚಿನ ಪಾದ್ರಿಯಿಂದ ಒಂದೊಂದು ಹೆಸರಿಗೂ ಮೊಹರು ಹಾಕಿಸಿದ್ದ. ಮನೆಯಲ್ಲಿ ಯಾರೂ ಆ ಪುಸ್ತಕದ ಸುದ್ದಿ ಎತ್ತುತ್ತಿರಲಿಲ್ಲ. ವಂಶ ಹುಡುಕುವುದು ಅಂದರೆ ಇಲ್ಲಿನ ಹಿರಿಯರು ಕೆಲವರು ಮುಖ ಗಂಟು ಹಾಕುವುದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಅದನ್ನು ಕೈಯಲ್ಲಿ ಹಿಡಿದಾಗಲೇ. ಯಾವ ಉದ್ದೇಶಕ್ಕೆ ಮಾಡಿಸಿದ್ದರೂ ಅದರಲ್ಲಿನ ತಾರೀಖುಗಳು ನನಗೆ ಬೇಕಾಗಿದ್ದವು. ಒಂದೇ ಸಲಕ್ಕೆ ಐದು ತಲೆಮಾರು ಸಿಕ್ಕಿತು.

ಅದಕ್ಕಿಂತ ಹಿಂದೆ ಹೋಗಲು ಚರ್ಚಿನ ಪುಸ್ತಕಗಳೇ ಗತಿ. ಮ್ಯೂನ್‌ಸ್ಟರ್ ಧರ್ಮಪ್ರಾಂತ್ಯದ ಪುಸ್ತಕಗಳನ್ನು 'ಮ್ಯಾಟ್ರಿಕುಲಾ' ಜಾಲತಾಣದಲ್ಲಿ ಪುಟ ಪುಟವಾಗಿ, ಅದೂ ಪುಕ್ಕಟೆಯಾಗಿ ನೋಡಬಹುದು. ಪ್ರೊಟೆಸ್ಟೆಂಟ್ ಮನೆಯಾದರೆ 'ಆರ್ಕಿಯಾನ್', ಅದಕ್ಕೆ ಚಂದಾ ಕಟ್ಟಬೇಕು. 19ನೇ ಶತಮಾನದ ಪುಟಗಳು ಕುರೆಂಟ್ ಅನ್ನುವ ಹಳೆಯ ಕೈಬರಹದಲ್ಲಿರುತ್ತವೆ. ಈಗಿನ ಜರ್ಮನ್ನರಿಗೇ ಅದು ಓದಲು ಬರುವುದಿಲ್ಲ, ನನ್ನ ಗಂಡನಿಗೂ ಬರುತ್ತಿರಲಿಲ್ಲ, ಆ ವಿಷಯದಲ್ಲಿ ನಾವಿಬ್ಬರೂ ಸಮಾನರು! ಅಕ್ಷರಮಾಲೆ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಒಂದೆರಡು ಪುಟ ಬರೆದು ಕಲಿತೆ. ಓದುವುದಕ್ಕಿಂತ ಬರೆದು ಕಲಿಯುವುದೇ ಬೇಗ. ತಮಾಷೆ ಅಂದರೆ ಇನ್ನೂ ಹಳೆಯ ಪುಟಗಳು ಸುಲಭ. ಅವು ಲ್ಯಾಟಿನ್‌ನಲ್ಲಿವೆ, ಅಕ್ಷರ ಮಾಮೂಲಿ ರೋಮನ್, ಹತ್ತಿಪ್ಪತ್ತು ಪದ ಗೊತ್ತಿದ್ದರೆ ಸಾಕು.

1790ರ ದಶಕದ ಒಂದು ಮದುವೆ ಪುಟದಲ್ಲಿ ಸಮಸ್ಯೆ ಶುರುವಾಯಿತು. ವರನ ಹೆಸರಿನ ಜಾಗದಲ್ಲಿ 'ಹೋಲ್ಟ್‌ಕಾಂಪ್ ಗೆನಾಂಟ್ ಬ್ರಿಂಕ್‌ಮನ್' ಅಂತ ಇತ್ತು. ಅಂದರೆ ಬ್ರಿಂಕ್‌ಮನ್ ಅಂತ ಕರೆಸಿಕೊಳ್ಳುವ ಹೋಲ್ಟ್‌ಕಾಂಪ್. ಅವನ ಮಕ್ಕಳೆಲ್ಲ ಬರೀ ಬ್ರಿಂಕ್‌ಮನ್.

ನಮ್ಮವರಿಗೆ ಇದನ್ನು ಒಂದೇ ಮಾತಲ್ಲಿ ಹೇಳಬಹುದು: ಮನೆ ಅಳಿಯ. ವೆಸ್ಟ್‌ಫಾಲಿಯಾದಲ್ಲಿ ಹೆಸರು ಮನುಷ್ಯನಿಗೆ ಅಂಟಿಕೊಂಡಿದ್ದಲ್ಲ, 'ಹೋಫ್'ಗೆ ಅಂಟಿಕೊಂಡಿದ್ದು. ಹೋಫ್ ಅಂದರೆ ಮನೆ, ಕೊಟ್ಟಿಗೆ, ಕಣಜ, ಹೊಲ, ಕಾಡಿನ ತುಂಡು ಎಲ್ಲ ಸೇರಿದ ಜಮೀನು. ಅದನ್ನು ಪಾಲು ಮಾಡುವ ಹಾಗಿಲ್ಲ, ಒಬ್ಬನೇ ವಾರಸುದಾರ. ಗಂಡು ಮಗ ಇಲ್ಲದೆ ಮಗಳಿಗೆ ಹೋದರೆ ಅವಳನ್ನು ಮದುವೆಯಾಗಿ ಬಂದವನು ತನ್ನ ಹೆಸರು ಬಿಟ್ಟು ಹೋಫ್‌ನ ಹೆಸರು ಇಟ್ಟುಕೊಳ್ಳುತ್ತಿದ್ದ. ಇಲ್ಲಿಗೇ ಮುಗಿಯುವುದಿಲ್ಲ. ಯಜಮಾನ ಸಣ್ಣ ವಯಸ್ಸಿಗೆ ಸತ್ತ ಅಂತ ಇಟ್ಟುಕೊಳ್ಳಿ, ಜಮೀನು ನೋಡಿಕೊಳ್ಳಲು ವಿಧವೆ ಬೇಗನೆ ಇನ್ನೊಬ್ಬನನ್ನು ಮದುವೆಯಾಗುತ್ತಾಳೆ, ಅವನೂ ಬ್ರಿಂಕ್‌ಮನ್ ಆಗುತ್ತಾನೆ, ಆಮೇಲೆ ಅವಳು ಹೆರಿಗೆಯಲ್ಲಿ ಹೋಗಿಬಿಡುತ್ತಾಳೆ, ಅವನು ಇನ್ನೊಬ್ಬಳನ್ನು ತರುತ್ತಾನೆ, ಮೊದಲಿನ ಮಕ್ಕಳು ಉಳಿಯದೆ ಇವರ ಮಗ ವಾರಸುದಾರನಾಗುತ್ತಾನೆ. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಹಳೆಯ ಬ್ರಿಂಕ್‌ಮನ್‌ಗಳ ಒಂದು ಹನಿ ರಕ್ತವೂ ಇರುವುದಿಲ್ಲ. ಹೆಸರು ಮಾತ್ರ ಹಾಗೇ ಇರುತ್ತದೆ. ಚರ್ಚಿನ ಪುಸ್ತಕದಲ್ಲಿ ಇಂಥ ಸರಪಳಿ ಎಷ್ಟೋ ಕಡೆ ನೋಡಿದೆ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಈ ರೈತರಲ್ಲಿ ಹೆಚ್ಚಿನವರು ಸ್ವತಂತ್ರರಾಗಿರಲಿಲ್ಲ. ಮಠಕ್ಕೋ, ಕೆಥೆಡ್ರಲ್‌ಗೋ, ಯಾರೋ ಜಮೀನ್ದಾರನಿಗೋ ಸೇರಿದ ಜೀತದ ಒಕ್ಕಲು. ಹೊಸದಾಗಿ ಹೋಫ್‌ಗೆ ಬರುವವನು ಒಡೆಯನಿಗೆ ಪ್ರವೇಶದ ಹಣ ಕಟ್ಟಬೇಕು. ಒಕ್ಕಲಿಗ ಸತ್ತರೆ ಅವನ ಆಸ್ತಿಯಲ್ಲಿ ಒಡೆಯನಿಗೆ ಪಾಲು. ಬೇರೆ ಒಡೆಯನ ಒಕ್ಕಲಲ್ಲಿ ಮದುವೆ ಆಗಬೇಕಾದರೆ ಬಿಡುಗಡೆ ಪತ್ರ ಬೇಕು. ಒಡೆಯನ ಲೆಕ್ಕದಲ್ಲಿ ಹೋಫ್ ಮುಖ್ಯವೇ ಹೊರತು ಅಲ್ಲಿ ಕೂತವನು ಯಾರು ಅನ್ನುವುದಲ್ಲ. ನಮಗೆ ಒಳ್ಳೆಯದೇ ಆಯಿತು, ಈ ಲೆಕ್ಕಪತ್ರಗಳು ಮ್ಯೂನ್‌ಸ್ಟರ್‌ನ ರಾಜ್ಯ ದಫ್ತರದಲ್ಲಿ ಈಗಲೂ ಇವೆ. ಚರ್ಚಿನ ಪುಸ್ತಕ ಹರಿದುಹೋದ ಕಡೆ ಪ್ರವೇಶದ ಹಣದ ರಸೀದಿ ಕೈ ಹಿಡಿಯಿತು. ಅದರಲ್ಲಿ ಬಂದವನ ಹುಟ್ಟು ಹೆಸರು, ಅವನ ಅಪ್ಪನ ಹೋಫ್ ಎರಡೂ ಇದ್ದವು. 1749-50ರಲ್ಲಿ, ಆಗ ಆ ಸೀಮೆಯನ್ನೇ ಆಳುತ್ತಿದ್ದ ಬಿಷಪ್‌ರ ಆಡಳಿತ ಮಾಡಿಸಿದ ಮನೆ ಮನೆಯ ಎಣಿಕೆಯೂ ಇದೆ. ಅದಕ್ಕಿಂತ ಹಿಂದೆ 1498-99ರ ತೆರಿಗೆ ಪಟ್ಟಿ. ಅದರಲ್ಲಿ ಬ್ರಿಂಕ್‌ಮನ್ ಹೋಫ್ ಕಂಡಾಗ ಮನೆಯವರೆಲ್ಲ 'ನಮ್ಮ ಪೂರ್ವಜರು 500 ವರ್ಷದಿಂದ ಇಲ್ಲೇ' ಅಂತ ಹಿಗ್ಗಿದರು. ಹೋಫ್ 500 ವರ್ಷದಿಂದ ಇದೆ, ಪೂರ್ವಜರ ಮಾತು ಬೇರೆ ಅಂತ ಹೇಳಿದ್ದಕ್ಕೆ ಅತ್ತೆ ನನ್ನ ಮೇಲೆ ಸ್ವಲ್ಪ ಹೊತ್ತು ಮುನಿಸಿಕೊಂಡರು.

ಈಗ ಡಿಎನ್‌ಎ. ಸರ್‌ನೇಮ್ ವಿಷಯಕ್ಕೆ ಬೇಕಾದದ್ದು ವೈ ಕ್ರೋಮೋಸೋಮ್ ಪರೀಕ್ಷೆ. ಅದು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ. ಜಾಹೀರಾತಿನಲ್ಲಿ ಬರುವ 'ನೀವು ಶೇಕಡಾ ಇಷ್ಟು ಜರ್ಮನ್' ಅನ್ನುವ ನಕ್ಷೆ ಈ ಕೆಲಸಕ್ಕೆ ಬಾರದು. ಗಂಡನನ್ನು ಒಂದು ಕಂಪನಿ ಅರ್ಧ ಸ್ಕ್ಯಾಂಡಿನೇವಿಯಾದವನನ್ನಾಗಿ ಮಾಡಿತು, ಇನ್ನೊಂದು ಡಚ್ಚರ ಪಾಲಿಗೆ ಹಾಕಿತು. ಉತ್ತರ ಯುರೋಪಿನವರ ಡಿಎನ್‌ಎ ಒಂದಕ್ಕೊಂದು ಅಷ್ಟು ಹತ್ತಿರ. ಒಪ್ಪಿಗೆ ಪಡೆಯದೆ ಬೇರೆಯವರ ಪರೀಕ್ಷೆ ಮಾಡಿಸಬೇಡಿ. 2010ರಿಂದ ಇಲ್ಲಿ ವಂಶವಾಹಿ ಪರೀಕ್ಷೆಗೆ ಪ್ರತ್ಯೇಕ ಕಾನೂನಿದೆ, ಕದ್ದುಮುಚ್ಚಿ ಅಪ್ಪ ಯಾರು ಅಂತ ಪರೀಕ್ಷೆ ಮಾಡಿಸುವ ಹಾಗಿಲ್ಲ.

ಹತ್ತಿಕಡ್ಡಿಯಿಂದ ಕೆನ್ನೆಯ ಒಳಗೆ ಉಜ್ಜಿ ಕಳಿಸಿದೆವು. ಬಹಳ ಹಿಂದಿನ ಒಬ್ಬ ಗಂಡು ಪೂರ್ವಜನಿಂದ ಬಂದವರನ್ನೆಲ್ಲ ಒಂದು ಗುಂಪು ಅಂತ ಲೆಕ್ಕ ಹಾಕುತ್ತಾರೆ. ನಮಗೆ ಬಂದ ಗುಂಪು ಆರ್-ಯು106, ಆರ್1ಬಿ ಅನ್ನುವ ದೊಡ್ಡ ಗುಂಪಿನ ಒಂದು ಕವಲು. ವಾಯವ್ಯ ಜರ್ಮನಿ, ಹಾಲೆಂಡ್ ಕಡೆ ತುಂಬಾ ಸಾಮಾನ್ಯ. ಈ ಕವಲು ಹುಟ್ಟಿ ಸುಮಾರು 5,000 ವರ್ಷ ಆಯಿತು, ಸರ್‌ನೇಮ್‌ಗಳ ವಯಸ್ಸು ಹೆಚ್ಚೆಂದರೆ ಎಂಟುನೂರೋ ಒಂಬೈನೂರೋ. ಹಾಗಾಗಿ ಗುಂಪಿನ ಹೆಸರು ನೋಡಿ ಏನನ್ನೂ ತೀರ್ಮಾನಿಸಬೇಡಿ. (ಭಾರತದಲ್ಲೂ ಇರುವ ಆರ್1ಎ ಗುಂಪು ಬಂದಿದ್ದರೆ 'ಇವರು ನಿಮ್ಮ ಕಡೆಯವರೇ' ಅಂತ ನಮ್ಮಣ್ಣ ಪ್ರಾಣ ತಿನ್ನುತ್ತಿದ್ದ. ಭಾರತದ ಆರ್1ಎ, ಯುರೋಪಿನ ಆರ್1ಎ ಎರಡೂ ಕವಲೊಡೆದು ಸಾವಿರಾರು ವರ್ಷ ಆಗಿದೆ.)

ನೋಡಬೇಕಾದದ್ದು ಹೊಂದಾಣಿಕೆಯ ಪಟ್ಟಿಯನ್ನು, ಅಂದರೆ ಪರೀಕ್ಷೆ ಮಾಡಿಸಿದ ಬೇರೆಯವರಲ್ಲಿ ಯಾರ ಡಿಎನ್‌ಎ ಗುರುತುಗಳು ನಮ್ಮದಕ್ಕೆ ಹೊಂದುತ್ತವೆ ಅನ್ನುವುದನ್ನು. ಎಷ್ಟು ಹೆಚ್ಚು ಗುರುತು ಹೋಲಿಸಿದರೆ ಅಷ್ಟು ನಂಬಿಕೆ. ಅದರಲ್ಲೂ 12 ಗುರುತುಗಳ ಮಟ್ಟದ ಪಟ್ಟಿಯನ್ನು ಕಣ್ಣೆತ್ತಿಯೂ ನೋಡಬೇಡಿ, ಆರ್1ಬಿಯವರಿಗೆ ಅಲ್ಲಿ ಸಾವಿರಾರು ಜನ ಸುಮ್ನೆ ಕಾಕತಾಳೀಯವಾಗಿ ಹೊಂದುತ್ತಾರೆ. 37ರ ಮಟ್ಟದಲ್ಲಿ ನಮಗೆ ಒಬ್ಬನೇ ಒಬ್ಬ ಬ್ರಿಂಕ್‌ಮನ್ ಹೊಂದಲಿಲ್ಲ. ಹತ್ತಿರ ಬಂದವನು ಅಮೆರಿಕದ ಓಹಾಯೋದವನು, ಸರ್‌ನೇಮ್ ಹೋಲ್ಟ್‌ಕಾಂಪ್. ಅವನ ಪೂರ್ವಜ 1840ರ ದಶಕದಲ್ಲಿ ನಮ್ಮ ಹಳ್ಳಿಯ ಪಕ್ಕದ ಚರ್ಚಿನ ಊರಿನಿಂದ ಹಡಗು ಹತ್ತಿದವನು. ಜಮೀನು ಒಬ್ಬನಿಗೇ ಹೋಗುವುದರಿಂದ ಉಳಿದ ಮಕ್ಕಳು ಕೂಲಿಗೋ, ಹಾಲೆಂಡಿಗೋ, ಅಮೆರಿಕಕ್ಕೋ ಹೋಗಲೇಬೇಕಿತ್ತು. ಮ್ಯೂನ್‌ಸ್ಟರ್‌ನ ಹೆಸರಿನಿಂದಲೇ ಬಂದ ಮಿನ್‌ಸ್ಟರ್ ಅನ್ನುವ ಊರೇ ಇದೆ ಓಹಾಯೋದಲ್ಲಿ. ಆಮೇಲೆ ಇಬ್ಬರೂ ಆಳವಾದ 'ಬಿಗ್ ವೈ' ಪರೀಕ್ಷೆ ಮಾಡಿಸಿದರು. ಯು106ರ ಕೆಳಗಿನ ಒಂದೇ ಸಣ್ಣ ಕೊಂಬೆಯಲ್ಲಿ ಅಕ್ಕಪಕ್ಕ ಕೂತರು. 1790ರ ದಶಕದ ಆ ಪುಟ ಸುಳ್ಳು ಹೇಳಿರಲಿಲ್ಲ.

ಬೇರೆ ಕವಲುಗಳಿಗೆ, ಅಪ್ಪ ಅಮ್ಮ ಇಬ್ಬರ ಕಡೆಯ ಡಿಎನ್‌ಎಯನ್ನೂ ನೋಡುವ ಮಾಮೂಲಿ ಆಟೋಸೋಮಲ್ ಪರೀಕ್ಷೆಯನ್ನೂ ಮಾಡಿಸಿದೆ. ಗಂಡನಿಗಿಂತ ಮೊದಲು ಅತ್ತೆಗೆ, ಮಾವನ ತಮ್ಮನಿಗೆ. ಒಂದು ತಲೆಮಾರು ಹಿರಿಯರಲ್ಲಿ ಪೂರ್ವಜರ ಡಿಎನ್‌ಎ ಎರಡರಷ್ಟು ಉಳಿದಿರುತ್ತದೆ, ಅವರು ಹೋದ ಮೇಲೆ ಅದು ಸಿಗುವುದಿಲ್ಲ. ಮುತ್ತಜ್ಜನ ಅಪ್ಪ ಅಮ್ಮ ಒಬ್ಬರೇ ಆಗಿರುವ ದಾಯಾದಿಗಳಲ್ಲೇ (ಥರ್ಡ್ ಕಸಿನ್) ಹತ್ತರಲ್ಲಿ ಒಬ್ಬರಿಗೆ ಏನೂ ಹೊಂದುವುದಿಲ್ಲ. ಅದಕ್ಕೆ, ಹೊಂದಲಿಲ್ಲ ಅಂದ ಮಾತ್ರಕ್ಕೆ ಯಾರನ್ನೂ ಅನುಮಾನಿಸಬೇಡಿ.

ಈಗ ಉಳಿದಿರುವ ಪ್ರಶ್ನೆ, ಹೋಲ್ಟ್‌ಕಾಂಪ್ ಅನ್ನುವುದೂ ಒಂದು ಹೋಫ್‌ನ ಹೆಸರು. ಆ ವಂಶದವರೂ ಅಲ್ಲಿಗೆ ಅಳಿಯನಾಗಿ ಬಂದವರೇ? ಈ ಹೋಫ್‌ನ ಬಗ್ಗೆ ದಫ್ತರದ ಕಾಗದ ಮೂವತ್ತು ವರ್ಷಗಳ ಯುದ್ಧ ಮುಗಿದ 1648ಕ್ಕಿಂತ ಹಿಂದೆ ಹೋಗುತ್ತಿಲ್ಲ. ಹೋಫ್ ಈಗಲೂ ಇದೆ. ಆದರೆ 1900ರಲ್ಲಿ ಬಂದ ನಾಗರಿಕ ಸಂಹಿತೆ ಹೆಂಡತಿಗೆ ಗಂಡನ ಹೆಸರು ಅಂತ ಗಟ್ಟಿ ಮಾಡಿದ ಮೇಲೆ ಅಲ್ಲಿಗೆ ಬಂದ ಅಳಿಯ ತನ್ನ ಹೆಸರನ್ನೇ ಉಳಿಸಿಕೊಂಡ. ಅಂಚೆಪೆಟ್ಟಿಗೆಯ ಮೇಲೆ ಬೇರೆ ಹೆಸರಿದೆ, ಊರಿನವರು ಮಾತ್ರ ಈಗಿನ ಯಜಮಾನರನ್ನು ಹೋಲ್ಟ್‌ಕಾಂಪ್ ಅಂತಲೇ ಕರೆಯುತ್ತಾರೆ. ಅವರ ಪರೀಕ್ಷೆಯಿಂದ ನನಗೆ ಪ್ರಯೋಜನ ಇಲ್ಲ. ಬೇಕಿರುವುದು 1700ಕ್ಕೂ ಮೊದಲು ಆ ಮನೆ ಬಿಟ್ಟು ಹೋದ ಕಿರಿಯ ಮಕ್ಕಳ ಗಂಡು ಸಂತತಿ, ಅವರು ಯಾವ ಹೋಫ್‌ಗೆ ಅಳಿಯಂದಿರಾಗಿ ಹೋಗಿ ಯಾವ ಹೆಸರು ಇಟ್ಟುಕೊಂಡರೋ ಅದನ್ನೇ ಈಗ ಬಿಡುಗಡೆ ಪತ್ರಗಳಲ್ಲಿ ಹುಡುಕುತ್ತಿದ್ದೇನೆ.